ಮಿಲಿಟ್ರಿ ಅಕ್ಕನ ಭಾನುವಾರದ ಗ್ಲಾಸು

ಹಿನಕಲ್‌ನ ಆ ಬೀದಿಯಲ್ಲಿ ಅವರ ಮಾತು ಬಂದಾಗಲೆಲ್ಲ ಜನ ಮೊದಲು ಹೇಳುವುದು, "ಅದೇ, ಕುಡೀತಿದ್ರಲ್ಲ ಮಿಲಿಟ್ರಿ ಅಕ್ಕ, ಅವರು" ಎಂದು. ಸೈನ್ಯದ ಆಸ್ಪತ್ರೆಗಳಲ್ಲಿ ನರ್ಸಾಗಿ ದೇಶವೆಲ್ಲ ಸುತ್ತಿ ಬಂದವರು, ಬೀದಿಯ ಅರ್ಧ ಜನಕ್ಕೆ ಇಂಜೆಕ್ಷನ್ ಚುಚ್ಚಿದವರು ಎಂಬುದೆಲ್ಲ ಆಮೇಲೆ, ಅದೂ ನೆನಪಾದರೆ. ನಾನು ತಿದ್ದಲು ಹೋಗುವುದಿಲ್ಲ. "ಹೌದು, ಕುಡೀತಿದ್ರು. ಭಾನುವಾರ ಮಧ್ಯಾಹ್ನ, ಊಟಕ್ಕೆ ಮುಂಚೆ, ಜಗಲಿ ಮೇಲೆ ಕೂತು, ಒಂದು ಗ್ಲಾಸು" ಎನ್ನುತ್ತೇನೆ. ಹಾಗೆ ಒಪ್ಪಿಕೊಂಡುಬಿಟ್ಟರೆ ಮಾತು ಮುಂದಕ್ಕೆ ಹೋಗುವುದಿಲ್ಲ. ಹೇಳಿದವರು ಚಪ್ಪಲಿ ಮೆಟ್ಟಿಕೊಂಡು ಹೊರಡುತ್ತಾರೆ.

ಅವರ ಮನೆಯ ಮಹಡಿಯಲ್ಲಿ ನಾನು ಹಲವು ವರ್ಷ ಬಾಡಿಗೆಗಿದ್ದೆ. ಸರಸ್ವತಿಪುರಂನ ಒಂದು ಟ್ಯುಟೋರಿಯಲ್‌ನಲ್ಲಿ ಪಿಯುಸಿ ಮಕ್ಕಳಿಗೆ ಕನ್ನಡ ಹೇಳಿಕೊಡುವ ಕೆಲಸ ನನ್ನದು. ಗಂಡನನ್ನು ಬಿಟ್ಟು ಬಂದ ಹೊಸದರಲ್ಲಿ ಮನೆ ಹುಡುಕುತ್ತ ಸುತ್ತಿದಾಗ ಎಲ್ಲ ಕಡೆಯೂ ಮೊದಲ ಪ್ರಶ್ನೆ ಒಂದೇ: "ಯಜಮಾನ್ರು ಎಲ್ಲಿ ಕೆಲಸ ಮಾಡೋದು?" ಉತ್ತರ ಕೇಳಿದ ಮೇಲೆ, "ನಮ್ಮ ಮಗಳು ಬರ್ತಾಳಂತೆ, ಮನೆ ಕೊಡೋಕಾಗಲ್ಲ" ಎಂಬ ಮಾತೂ ಒಂದೇ. ಮಿಲಿಟ್ರಿ ಅಕ್ಕ ಗೇಟಿನಲ್ಲಿ ನಿಲ್ಲಿಸಿಕೊಂಡು ಕೇಳಿದ್ದು ಬೇರೆ.

"ಟ್ಯಾಂಕ್ ತುಂಬಿ ಸುರೀತಿದ್ರೆ ಎದ್ದು ಮೋಟರ್ ಆಫ್ ಮಾಡ್ತೀರಾ, ಇಲ್ಲ ಹಾಗೇ ಮಲಗಿರ್ತೀರಾ?"

"ಆಫ್ ಮಾಡ್ತೀನಿ."

"ಹಾಗಾದ್ರೆ ಸಾಮಾನು ತನ್ನಿ."

ಗಂಡನ ವಿಷಯ ನಾನಾಗಿಯೇ ಹೇಳಲು ಬಾಯಿ ತೆರೆದೆ. ಅವರು ಕೈ ಅಡ್ಡ ಮಾಡಿದರು. "ಅದು ನಿಮ್ಮ ವಿಷಯ. ನಾನು ಕೊಡ್ತಿರೋದು ಮನೆ" ಎಂದು ಹೇಳಿ ಬೀಗದ ಕೈ ತರಲು ಒಳಗೆ ಹೋದರು.

ಎತ್ತರದ ಹೆಂಗಸು. ಬೆಳ್ಳಗಾದ ಕೂದಲನ್ನು ಕಿವಿಯ ಮಟ್ಟಕ್ಕೆ ಕತ್ತರಿಸಿಕೊಂಡಿದ್ದರು. ನಾಡಿ ಎಣಿಸುವ ಅಭ್ಯಾಸದಿಂದಲೋ ಏನೋ ವಾಚಿನ ಮುಖ ಮಣಿಕಟ್ಟಿನ ಒಳಬದಿಗೆ ಇರುತ್ತಿತ್ತು. ಮದುವೆಯಾಗಿರಲಿಲ್ಲ. ಹಿನಕಲ್ ಇನ್ನೂ ಹಳ್ಳಿಯಾಗಿದ್ದಾಗ ಅಲ್ಲೇ ಹುಟ್ಟಿ, ರಾಗಿ ಹೊಲದ ಬದುವಿನ ಮೇಲೆ ನಡೆದು ಶಾಲೆಗೆ ಹೋದವರು. ಆ ಹೊಲ ಬಡಾವಣೆಯಾದಾಗ ತಮ್ಮ ಪಾಲಿಗೆ ಬಂದ ನಿವೇಶನದಲ್ಲಿ ಮನೆ ಕಟ್ಟಿಸಿದ್ದರು. ಅವರ ತಮ್ಮನ ಮನೆ ಹಳೇ ಊರಿನ ಕಡೆ, ಕೂಗಿದರೆ ಕೇಳುವಷ್ಟು ದೂರ. ಅಕ್ಕ ನಿವೃತ್ತಳಾಗಿ ಬಂದು ಒಬ್ಬಳೇ ಮನೆ ಮಾಡಿಕೊಂಡದ್ದು ತಮ್ಮನಿಗೆ ಹಿಡಿಸಿರಲಿಲ್ಲ. ಭಾನುವಾರದ ಗ್ಲಾಸಂತೂ ಸುತರಾಂ ಹಿಡಿಸಿರಲಿಲ್ಲ.

ನಾನು ಬಂದ ಮೊದಲ ಭಾನುವಾರ ಕೆಳಗಿನಿಂದ ಕುಟ್ಟಾಣಿಯ ಸದ್ದು ಕೇಳಿಸಿತು. ಹಲ್ಲಿಲ್ಲದ ಅಜ್ಜಿಯರು ಎಲೆಅಡಿಕೆ ಕುಟ್ಟಿಕೊಳ್ಳುವ ಹಿತ್ತಾಳೆಯ ಕುಟ್ಟಾಣಿ. ಇಳಿದು ಬಂದು ನೋಡಿದರೆ ಅಕ್ಕ ಜಗಲಿಯ ಮೇಲೆ ಕುರ್ಚಿ, ಸ್ಟೂಲು ಹಾಕಿಕೊಂಡು ಕೂತಿದ್ದಾರೆ. ಸ್ಟೂಲಿನ ಮೇಲೆ ಹೋಳು ಮಾಡಿದ ನಿಂಬೆಹಣ್ಣು, ಸಕ್ಕರೆ, ಸೋಡಾ, ಒಂದು ಉದ್ದನೆಯ ಗಾಜಿನ ಲೋಟ, ಜೊತೆಗೆ ಬಿಳಿ ರಮ್ಮಿನ ಬಾಟಲಿ.

"ಬನ್ನಿ ಮೇಡಂ. ನೀವು ತಗೋತೀರಾ?"

"ಇಲ್ಲ, ನಾನು ಕುಡಿಯಲ್ಲ."

"ಸರಿ, ನಿಮಗೆ ಬರೀ ನಿಂಬೆ ಪುದೀನ ಸೋಡಾ" ಎಂದರು. ಒತ್ತಾಯವಿಲ್ಲ, ಅಣಕವೂ ಇಲ್ಲ. ಅಲ್ಲಿದ್ದಷ್ಟು ವರ್ಷವೂ ನನ್ನದು ಅದೇ ಆಗಿತ್ತು.

ಅವರು ಮಾಡುತ್ತಿದ್ದದ್ದು ಮೊಹಿತೊ. ಜ್ಯೂಸ್ ಅಂಗಡಿಯ ಬೋರ್ಡಿನಲ್ಲಿ ಮೊಜಿಟೊ ಎಂದು ಓದಿದ್ದ ನನಗೆ ಅದರ ಸರಿಯಾದ ಉಚ್ಚಾರ ತಿಳಿದದ್ದು ಆ ಜಗಲಿಯಲ್ಲೇ. ಕಾಂಪೌಂಡಿನ ಮೂಲೆಯಲ್ಲಿ ಒಡೆದ ವಾಷ್‌ಬೇಸಿನ್ ಒಂದಕ್ಕೆ ಮಣ್ಣು ತುಂಬಿ ಪುದೀನ ಬೆಳೆಸಿದ್ದರು. ಎಲೆಗಳನ್ನು ಆಗಲೇ ಕಿತ್ತು ತಂದು, ಅಂಗೈ ಮೇಲಿಟ್ಟು ಒಂದು ಚಪ್ಪಾಳೆ ಹೊಡೆಯುತ್ತಿದ್ದರು. ಘಮ್ಮೆನ್ನುತ್ತಿತ್ತು. ಆಮೇಲೆ ಎಲೆ, ಸಕ್ಕರೆ, ನಿಂಬೆಯ ಹೋಳು ಕುಟ್ಟಾಣಿಗೆ. "ಚಟ್ನಿ ಮಾಡ್ಬಾರ್ದು ಕಣ್ರೀ. ಮೆತ್ತಗೆ ಒತ್ತಬೇಕು. ಜಜ್ಜಿದ್ರೆ ಕಹಿ ಬಿಡುತ್ತೆ." ಅದನ್ನು ಲೋಟಕ್ಕೆ ಸುರಿದು, ಔಷಧಿ ಅಳೆಯುವ ಪುಟ್ಟ ಪ್ಲಾಸ್ಟಿಕ್ ಬಟ್ಟಲಿನಲ್ಲಿ ರಮ್ ಅಳೆದು ಹಾಕುತ್ತಿದ್ದರು. ಒಗೆದ ಟವೆಲ್ಲಿನಲ್ಲಿ ಐಸ್ ಕಟ್ಟಿ ಲಟ್ಟಣಿಗೆಯಿಂದ ನಾಲ್ಕೇಟು. ಪುಡಿಯಾದ ಐಸು ಲೋಟದ ತುಂಬ, ಅದರ ಮೇಲೆ ಸೋಡಾ, ಕೊನೆಗೆ ಒಂದು ಪುದೀನದ ಕುಡಿ. ಕಪ್ಪು ರಮ್ ಹಾಕಬಾರದೇ ಎಂದು ಒಮ್ಮೆ ಕೇಳಿದೆ. "ಹಾಕಬಹುದು. ಕಷಾಯ ಕುಡಿದಂಗೆ ಇರುತ್ತೆ" ಎಂದರು.

ಇದನ್ನು ಕಲಿಸಿದವರು ಜೊತೆಗೆ ಕೆಲಸ ಮಾಡುತ್ತಿದ್ದ ಗೋವಾದ ಒಬ್ಬ ನರ್ಸ್. ರಾಜಸ್ಥಾನದ ಸುಡುಬಿಸಿಲಿನ ಊರಿನಲ್ಲಿ ಇಬ್ಬರೂ ಒಂದೇ ಕೋಣೆಯಲ್ಲಿದ್ದರಂತೆ. "ಮೆಸ್ಸಲ್ಲಿ ಪಾರ್ಟಿ ಅಂದ್ರೆ ಗಂಡಸರಿಗೆಲ್ಲ ಕೇಳೋರು, ಏನು ಬೇಕು ಅಂತ. ನಮ್ಮ ಮುಂದೆ ಕೇಳದೇನೇ ಕಿತ್ತಳೆ ಜ್ಯೂಸ್ ತಂದಿಡೋರು. ನಾವಿಬ್ಬರೂ ಒಂದಿನ ವಾಪಸ್ ಕಳಿಸಿದ್ವಿ. ನಮಗೂ ಕೇಳಿ, ಆಮೇಲೆ ಜ್ಯೂಸೇ ಬೇಕು ಅಂತೀವೋ ಏನೋ, ಮೊದಲು ಕೇಳಿ ಅಂದ್ವಿ." ಅಂದು ಕೇಳಿದ ಮೇಲೆ ಏನು ತೆಗೆದುಕೊಂಡಿರಿ ಎಂದೆ. ಅಕ್ಕ ನಕ್ಕರು. "ನಾನು ಜ್ಯೂಸೇ ತಗೊಂಡೆ. ಹೊಟ್ಟೆ ಸರಿ ಇರಲಿಲ್ಲ."

ಕುಟ್ಟಾಣಿ ಅವರ ತಾಯಿಯದು. ಅದರಲ್ಲಿ ಪುದೀನ ಒತ್ತುವುದನ್ನು ನೋಡಿ ತಮ್ಮ ಒಂದು ಸಲ ಗೇಟಿನಲ್ಲೇ ನಿಂತು ಕೂಗಾಡಿದ್ದು ನನಗೆ ಮಹಡಿಯಿಂದಲೇ ಕೇಳಿಸಿತು.

"ಅವ್ವನ ಕುಟ್ಟಾಣೀಲಿ ಇದಾ ಮಾಡೋದು? ಮಾನ ಮರ್ವಾದೆ ಎಲ್ಲ ಬುಟ್ಬುಟ್ಟಾ?"

"ಅವ್ವ ಇದರಲ್ಲಿ ಹೊಗೆಸೊಪ್ಪು ಕುಟ್ಕೋತಿದ್ಲು ಕಣೋ. ಅದೇನು ದೇವರ ಪ್ರಸಾದವಾ? ಒಳಗೆ ಬಾ, ಸೋಡಾ ಕುಡಿ. ಬಿಸಿಲಲ್ಲಿ ನಿಂತು ಕೂಗಬೇಡ, ನಿಂಗೆ ಬಿಪಿ ಅದೆ."

ಅವನು ಒಳಗೆ ಬರಲಿಲ್ಲ.

ತಿಂಗಳಿಗೊಮ್ಮೆ ಅಕ್ಕ ಮಾಜಿ ಸೈನಿಕರ ಕ್ಯಾಂಟೀನಿಗೆ ಹೋಗಿ ಬರುತ್ತಿದ್ದರು. ಅಲ್ಲಿ ಅವರ ಕಾರ್ಡಿಗೆ ಇಷ್ಟು ಎಂದು ಬಾಟಲಿ ಸಿಗುತ್ತಿತ್ತು. ಬೀದಿಯ ಕೆಲವು ಗಂಡಸರಿಗೆ ಅದರ ಮೇಲೆ ಕಣ್ಣು. ಅಕ್ಕನನ್ನು ಕಂಡರೆ ಮುಖ ತಿರುಗಿಸುತ್ತಿದ್ದವರೇ ಗೇಟಿನ ಹತ್ತಿರ ಬಂದು ದನಿ ತಗ್ಗಿಸಿ, "ಅಕ್ಕ, ನಿಮ್ಮ ಕೋಟಾದಲ್ಲಿ ಒಂದು ನಮಗೆ ಕೊಟ್ಬುಡಿ, ಹೆಂಗಸ್ರು ನಿಮಗ್ಯಾಕೆ ಅಷ್ಟೊಂದು?" ಎಂದು ಕೇಳುತ್ತಿದ್ದರು. "ಯುದ್ಧದಲ್ಲಿ ಗಾಯ ಆದೋರ ಕಾಲು ಕತ್ತರಿಸೋವಾಗ ಹಿಡ್ಕೊಂಡು ನಿಂತಿದ್ದೋಳು ನಾನು. ಕೋಟಾ ನಿಮಗೆ ಯಾಕೆ?" ಎನ್ನುತ್ತಿದ್ದರು ಅಕ್ಕ, ಬೀದಿಗೆಲ್ಲ ಕೇಳುವ ದನಿಯಲ್ಲಿ.

ಒಮ್ಮೆ ಕ್ಯಾಂಟೀನಿನಿಂದ ಬರುವಾಗ ನಾನೂ ಜೊತೆಗಿದ್ದೆ. ಸಿಟಿ ಬಸ್ಸಿನಲ್ಲಿ ಅಕ್ಕನ ತೊಡೆಯ ಮೇಲೆ ಪ್ಲಾಸ್ಟಿಕ್ ವೈರಿನ ಬುಟ್ಟಿ. ಹೀರೇಕಾಯಿ, ಕೊತ್ತಂಬರಿ ಸೊಪ್ಪಿನ ಪಕ್ಕದಲ್ಲಿ ಬಾಟಲಿಯ ಕತ್ತು ಹೊರಗೆ ಇಣುಕುತ್ತಿತ್ತು. ಪಕ್ಕದ ಸೀಟಿನ ಹೆಂಗಸು ಒಳ್ಳೆಯ ಮನಸ್ಸಿನಿಂದಲೇ ಬಗ್ಗಿ, "ಸೊಪ್ಪು ಮುಚ್ಕೊಳಕ್ಕ, ಜನಕ್ಕೆ ಕಾಣ್ತದೆ" ಎಂದು ಪಿಸುಗುಟ್ಟಿದಳು.

"ಕದ್ದು ತಂದಿಲ್ಲ ಕಣಮ್ಮ. ಸಾಲಲ್ಲಿ ನಿಂತು ತಂದಿದ್ದೀನಿ" ಎಂದರು ಅಕ್ಕ.

ಮುಜುಗರದಿಂದ ನಾನು ಕಿಟಕಿಯ ಕಡೆ ತಿರುಗಿದೆ. ಅಕ್ಕ ಅದನ್ನು ಗಮನಿಸಿದರು. ಇಳಿದ ಮೇಲೆ ಬುಟ್ಟಿಯನ್ನು ನನ್ನ ಕೈಗೆ ಕೊಟ್ಟು ಮನೆಯವರೆಗೂ ಹೊರಿಸಿದರು.

ಒಂದು ಭಾನುವಾರ ಬೀದಿಯ ಮಾರಮ್ಮನ ಗುಡಿಯ ಸಮಿತಿಯವರು ಬಂದರು. ಮೂವರು ಗಂಡಸರು. ಅವರಲ್ಲಿ ತಮ್ಮನೂ ಒಬ್ಬ, ಹಿಂದೆ ನಿಂತಿದ್ದ. ಹಿರಿಯರೊಬ್ಬರು ಗಂಟಲು ಸರಿಮಾಡಿಕೊಂಡು, "ನೋಡಕ್ಕ, ನೀನು ಕುಡಿಬೇಡ ಅಂತ ನಾವು ಹೇಳ್ತಿಲ್ಲ. ಒಳಗೆ ಕೂತ್ಕೊಂಡು ಕುಡಿ. ಮಕ್ಳು ಮರಿ ಓಡಾಡೋ ಬೀದಿ ಇದು" ಎಂದರು.

ಅಕ್ಕ ಲೋಟವನ್ನು ಸ್ಟೂಲಿನ ಮೇಲಿಟ್ಟರು. "ಹೋದ ಹಬ್ಬದಲ್ಲಿ ನಿಮ್ಮ ಮಗ ಕುಡಿದು ಇದೇ ಚರಂಡೀಲಿ ಬಿದ್ದು ತಲೆ ಒಡ್ಕೊಂಡಾಗ ರಕ್ತ ಒರೆಸಿ ಆಸ್ಪತ್ರೆಗೆ ಕರ್ಕೊಂಡು ಹೋದೋಳು ನಾನು. ಅವತ್ತೂ ಮಕ್ಕಳೆಲ್ಲ ಸುತ್ತ ನಿಂತು ನೋಡ್ತಿದ್ರು. ಅವನಿಗೆ ಒಳಗೆ ಕೂತು ಕುಡಿ ಅಂತ ಹೇಳೋಕೆ ಯಾವಾಗ ಹೋಗಿದ್ರಿ?"

ಹಿರಿಯರು ಹೆಗಲ ಮೇಲಿನ ಟವೆಲ್ ತೆಗೆದು ಮುಖ ಒರೆಸಿಕೊಂಡರು.

"ಬಿಪಿ ನೋಡಿಸ್ಕೊಳ್ಳೋದಾದ್ರೆ ಕೂತ್ಕೊಳ್ಳಿ, ಯಂತ್ರ ತರ್ತೀನಿ. ಬುದ್ಧಿ ಹೇಳೋದಾದ್ರೆ ಆಯ್ತಲ್ಲ, ಹೇಳಿದ್ರಿ."

ಇಬ್ಬರು ಹೊರಟರು. ಹಿರಿಯರು ಮಾತ್ರ ಒಂದು ಗಳಿಗೆ ಹಿಂದೆ ಮುಂದೆ ನೋಡಿ, ಅಂಗಿಯ ತೋಳು ಮಡಿಸಿ ಕುಳಿತರು. ಅಕ್ಕ ಯಂತ್ರ ತಂದು ಬಿಪಿ ನೋಡಿದರು, ಉಪ್ಪಿನಕಾಯಿ ಬಿಡಲು ಹೇಳಿದರು. ಯಾರ ಮೇಲೂ ಆ ಸಿಟ್ಟು ತೀರಿಸಿಕೊಂಡವರಲ್ಲ. ಜಗಲಿಯಿಂದಲೂ ಏಳಲಿಲ್ಲ.

ಹೋದ ಬೇಸಿಗೆಯಲ್ಲಿ ಅಕ್ಕನಿಗೆ ಸುಸ್ತು ಶುರುವಾಯಿತು. ಪರೀಕ್ಷೆಗಳಾದವು. ರಕ್ತದ ಕ್ಯಾನ್ಸರ್ ಎಂದರು. ನಾನು ಜೊತೆಗಿದ್ದಾಗಲೇ ಅಕ್ಕ ಡಾಕ್ಟರನ್ನು ಕೇಳಿದರು, "ನಾನು ವಾರಕ್ಕೊಂದು ಪೆಗ್ ತಗೋತೀನಿ. ಅದರಿಂದ ಬಂತಾ?" ಡಾಕ್ಟರು ತಲೆಯಾಡಿಸಿ, "ನಿಮ್ಮ ಕಾಯಿಲೆಗೂ ಅದಕ್ಕೂ ಸಂಬಂಧ ಇಲ್ಲ. ಆದರೆ ಈ ಔಷಧಿ ತಗೊಳ್ಳುವಷ್ಟು ದಿನ ಬೇಡ" ಎಂದರು. "ಸರಿ" ಎಂದರು ಅಕ್ಕ. ಜೀವಮಾನವೆಲ್ಲ ರೋಗಿಗಳಿಗೆ ಡಾಕ್ಟರ ಮಾತು ಕೇಳಿ ಎಂದು ಹೇಳಿಕೊಂಡು ಬಂದವರು. ಅಂದಿನಿಂದ ಒಂದು ಹನಿ ರಮ್ ಮುಟ್ಟಲಿಲ್ಲ.

ಬೀದಿಗೆ ಸುದ್ದಿ ಹಬ್ಬಿತು. "ಕುಡಿದೂ ಕುಡಿದೂ ಹಿಂಗಾಯ್ತು ನೋಡು" ಎಂದು ನಲ್ಲಿಯ ಹತ್ತಿರ ಮಾತಾಡಿಕೊಳ್ಳುವುದು ಅಕ್ಕನ ಕಿವಿಗೂ ಬಿತ್ತು. ಮರುದಿನ ಭಾನುವಾರ. ಕೆಳಗೆ ಕುಟ್ಟಾಣಿಯ ಸದ್ದು ಕೇಳಿ ನಾನು ಓಡಿ ಬಂದೆ. ಕೂದಲು ಉದುರಿದ ತಲೆಗೆ ಬಟ್ಟೆ ಕಟ್ಟಿಕೊಂಡು, ಅದೇ ಕುರ್ಚಿಯಲ್ಲಿ, ಅದೇ ಲೋಟದಲ್ಲಿ ಪುದೀನ, ನಿಂಬೆ, ಐಸು, ಸೋಡಾ. ಪಕ್ಕದಲ್ಲಿ ಬಾಟಲಿಯೂ ಇತ್ತು.

"ಏನಕ್ಕ ಇದು, ಡಾಕ್ಟರು ಬೇಡ ಅಂದಿದ್ದಾರೆ."

"ಮುಚ್ಚಳ ನೋಡಿ. ತೆಗೆದಿಲ್ಲ. ಇದು ನೀವು ಕುಡಿಯೋದೇ, ಬರೀ ಸೋಡಾ."

"ಮತ್ತೆ ಬಾಟಲಿ ಯಾಕೆ?"

"ಅದಿಲ್ಲದಿದ್ರೆ ಬಿಟ್ಟೆ ಅಂದ್ಕೋತಾರೆ. ತಪ್ಪು ಒಪ್ಕೊಂಡ್ಲು, ದಾರಿಗೆ ಬಂದ್ಲು ಅಂತ ಮನೆ ಮನೆಗೂ ಹೇಳ್ಕೊಂಡು ಬರ್ತಾರೆ. ನಾನು ಯಾವ ತಪ್ಪು ಮಾಡಿದ್ದೀನಿ ಒಪ್ಕೊಳ್ಳೋಕೆ?" ಎಂದು ಹೇಳಿ ನನ್ನ ಕಡೆ ಬೆರಳು ತೋರಿಸಿದರು. "ನೀವು ಯಾರಿಗೂ ಹೇಳಕೂಡದು."

ಶಕ್ತಿ ಇದ್ದಷ್ಟು ಭಾನುವಾರವೂ ಹಾಗೆ ಕೂತರು. ದಾರಿಯಲ್ಲಿ ಹೋಗುವವರು ದಿಟ್ಟಿಸಿದರೆ ಲೋಟ ಎತ್ತಿ ತೋರಿಸುತ್ತಿದ್ದರು. ಐಸು ಲೋಟಕ್ಕೆ ಬಡಿಯುವ ಸದ್ದು ನನಗೆ ಕೇಳಿಸುತ್ತಿತ್ತು. ಒಂದು ದಿನ ತಮ್ಮ ಬಂದು ಕಣ್ಣಲ್ಲಿ ನೀರು ತುಂಬಿಕೊಂಡು, "ಈಗ್ಲಾದ್ರೂ ಬುಡಕ್ಕ ಅದನ್ನ" ಎಂದು ಬೇಡಿದ. ಅವನಿಗಾದರೂ ನಿಜ ಹೇಳುತ್ತಾರೆ ಎಂದುಕೊಂಡೆ. ಅಕ್ಕ ಅವನ ಮುಖವನ್ನೇ ನೋಡುತ್ತ ಲೋಟ ಎತ್ತಿ ಎರಡು ಗುಟುಕು ಕುಡಿದರು. ಅವನು ಎದ್ದು ಹೋದ. ಅಂದು ಅಕ್ಕನಿಗೆ ಊಟ ಸೇರಲಿಲ್ಲ.

ಇದನ್ನು ಬರೆದು ಅವರಿಗೆ ಕೊಟ್ಟ ಮಾತು ಮುರಿಯುತ್ತಿದ್ದೇನೆ ಎಂದು ನನಗೆ ಗೊತ್ತು. ಹೆಸರು ಬರೆಯದಿರುವುದು ಅದಕ್ಕೇ. ಆ ಬೀದಿಯ ಮಟ್ಟಿಗೆ ಅವರು ಕೊನೆಯವರೆಗೂ ಕುಡಿದವರಾಗಿಯೇ ಇರಲಿ.

ಕಾಯಿಲೆಯ ಆ ತಿಂಗಳುಗಳಲ್ಲಿ ಅವರನ್ನು ನೋಡಿಕೊಂಡವರಲ್ಲಿ ತಮ್ಮನ ಹೆಂಡತಿಯೂ ಒಬ್ಬಳು. ಅಕ್ಕನಿಗೆ ನಾದಿನಿ, ಅಕ್ಕನನ್ನು ಅವಳು ಅತ್ತಿಗೆ ಎನ್ನುತ್ತಿದ್ದಳು. ಬಹಳ ಮೆತ್ತನೆಯ ಹೆಂಗಸು, ಗಂಡನ ಎದುರು ಅವಳ ದನಿ ಕೇಳಿದವರಿಲ್ಲ. ಅವನು ಅಂಗಡಿಗೆ ಹೋದ ಮೇಲೆ ಹಿತ್ತಿಲ ಬಾಗಿಲಿನಿಂದ ಮುದ್ದೆ, ಸೊಪ್ಪಿನ ಸಾರು ತರುತ್ತಿದ್ದಳು. ಅಕ್ಕನಿಗೆ ಸ್ನಾನ ಮಾಡಿಸುತ್ತಿದ್ದಳು. ಅವಳ ಎರಡೂ ಬಾಣಂತನಕ್ಕೆ ಅಕ್ಕ ರಜೆ ಹಾಕಿ ಕಾಶ್ಮೀರದಿಂದ ಬಂದಿದ್ದರು ಎಂಬುದನ್ನು ಅವಳೇ ಒಮ್ಮೆ ಬಟ್ಟೆ ಹಿಂಡುತ್ತ ಹೇಳಿದಳು.

ಮಳೆ ಹಿಡಿದ ಒಂದು ಬೆಳಿಗ್ಗೆ ಅಕ್ಕ ತೀರಿಕೊಂಡರು. ತಮ್ಮನೇ ಮುಂದೆ ನಿಂತು ಎಲ್ಲ ಮಾಡಿದ. ಅತ್ತ. ಆ ಅಳು ಸುಳ್ಳಾಗಿರಲಿಲ್ಲ.

ತಿಥಿಯ ದಿನ ಅವನ ಮನೆಗೆ ನನಗೂ ಹೇಳಿಕಳಿಸಿದ್ದರು. ಹಿನಕಲ್ ಕಡೆಯ ಒಕ್ಕಲು ಮನೆಗಳಲ್ಲಿ ತಿಥಿಯೆಂದರೆ ಸತ್ತವರಿಗೆ ಎಡೆ ಇಡುತ್ತಾರೆ. ಅವರಿಗೆ ಇಷ್ಟವಾದದ್ದನ್ನೆಲ್ಲ ಬಾಳೆಲೆಯ ಮೇಲೆ ಬಡಿಸಿ, ಸತ್ತವರು ಬಂದು ಉಂಡು ಹೋಗಲಿ ಎಂದು ಎಲ್ಲರೂ ಸ್ವಲ್ಪ ಹೊತ್ತು ಬಾಗಿಲು ಮುಚ್ಚಿಕೊಂಡು ಹೊರಗಿರುತ್ತಾರೆ. ನಡುಮನೆಯಲ್ಲಿ ಅಕ್ಕನ ಫೋಟೊ ಇಟ್ಟಿದ್ದರು. ಮುಂದೆ ಮುದ್ದೆ, ಮಟನ್ ಸಾರು, ಒಬ್ಬಟ್ಟು, ಹೊಸ ಸೀರೆ. ಪಕ್ಕದಲ್ಲೇ ಅವರ ತಂದೆಯ ಫೋಟೊಗೂ ಒಂದು ಎಲೆ ಹಾಕಿದ್ದರು. ಆ ಎಲೆಯ ಬದಿಯಲ್ಲಿ, ಮುಚ್ಚಳ ತೆಗೆದ ಬ್ರಾಂದಿಯ ಬಾಟಲಿ. ಮುದುಕನಿಗೆ ಇಷ್ಟ ಎಂದು ವರ್ಷವೂ ಇಡುತ್ತಾರಂತೆ. ಯಾರ ಕಣ್ಣಿಗೂ ಅದು ವಿಚಿತ್ರವಾಗಿ ಕಾಣಲಿಲ್ಲ.

ನನಗೆ ತಡೆಯಲಾಗಲಿಲ್ಲ. ತಮ್ಮನ ಹತ್ತಿರ ಹೋಗಿ, "ಅಕ್ಕಂಗೆ ಅವರದು ಇಡಲ್ವಾ?" ಎಂದೆ.

"ಯಾವುದು?" ಎಂದ. ಅವನಿಗೆ ಅರ್ಥವಾಗಿತ್ತು. "ಹೆಂಗಸ್ರಿಗೆ ಅದೆಲ್ಲ ಇಡಲ್ಲ ಮೇಡಂ. ಅದನ್ನ ಕುಡಿದೇ ಹೋದ್ಲು ನಮ್ಮಕ್ಕ. ಸಾಯೋವಾಗ್ಲೂ ಬುಡಲಿಲ್ಲ."

ನಿಜ ನನ್ನ ನಾಲಿಗೆಯ ತುದಿಯಲ್ಲಿತ್ತು. ಬಿಟ್ಟಿದ್ದರು, ಒಂದು ಹನಿಯೂ ಮುಟ್ಟಿರಲಿಲ್ಲ, ಡಾಕ್ಟರನ್ನು ಕೇಳಿ ಎಂದುಬಿಟ್ಟರೆ ಆ ನಡುಮನೆಯ ನೆಂಟರೆಲ್ಲ ಲೊಚಗುಟ್ಟಿ ಅಕ್ಕನನ್ನು ಒಳ್ಳೆಯವಳು ಮಾಡಿಬಿಡುತ್ತಿದ್ದರು. ಹೇಳಲಿಲ್ಲ. "ಹೌದು, ಬಿಡಲಿಲ್ಲ. ಅಷ್ಟು ಇಷ್ಟ ಅವರಿಗೆ. ಅದಕ್ಕೇ ಕೇಳಿದೆ" ಎಂದೆ.

"ಬಾಡಿಗೇವ್ರು ಬಾಡಿಗೇವ್ರಂಗಿರಿ" ಎಂದು ಅವನು ತಿರುಗಿಕೊಂಡ. ಮನೆ ಇನ್ನು ಅವನ ಕೈಗೇ ಬರುವುದಿತ್ತು. ಮುಂದಿನ ತಿಂಗಳೇ ಖಾಲಿ ಮಾಡಲು ಹೇಳಿದ, ಮಾಡಿದೆ. ಅದಿರಲಿ.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನಾದಿನಿ ಎಲ್ಲ ಕೇಳಿಸಿಕೊಂಡಿದ್ದಳು. ನನ್ನ ಕೈ ಹಿಡಿದು ಒಳಗೆಳೆದು, "ನಿಮಗೆ ಮಾಡಕ್ಕೆ ಬತ್ತದಾ ಅದು?" ಎಂದು ಕೇಳಿದಳು.

"ವಾರವಾರ ನೋಡಿದ್ದೀನಿ. ಮಾಡಿಲ್ಲ ಯಾವತ್ತೂ."

"ಮಾಡಿ."

ನಾನು ಅಕ್ಕನ ಮನೆಗೆ ಹೋಗಿ ಬಾಟಲಿ, ಪುದೀನ, ಕುಟ್ಟಾಣಿ, ಲೋಟ ತಂದೆ. ದಾರಿಯಲ್ಲಿ ಯಾವುದನ್ನೂ ಸೆರಗಿನಲ್ಲಿ ಮುಚ್ಚಿಕೊಳ್ಳಲಿಲ್ಲ. ಬಾಟಲಿಯ ಮುಚ್ಚಳ ತಿರುಗಿಸಲು ಬಾರದೆ ಅಂಗೈ ಕೆಂಪಾಯಿತು. ನಾದಿನಿ ಪಕ್ಕದಲ್ಲಿ ನಿಂತು ಐಸು ಒಡೆದು ಕೊಟ್ಟಳು. ರಮ್ ಎಷ್ಟು ಹಾಕಿದೆನೋ ಗೊತ್ತಿಲ್ಲ, ಖಂಡಿತ ಜಾಸ್ತಿಯೇ. ಲೋಟ ತುಂಬಿದ ಮೇಲೆ ನಾನು ಎತ್ತಿಕೊಳ್ಳಲು ಹೋದೆ. ಅವಳು ಬಿಡಲಿಲ್ಲ. ತಾನೇ ಎರಡೂ ಕೈಯಲ್ಲಿ ಹಿಡಿದು, ನೆಂಟರ ನಡುವೆ ನಡೆದುಕೊಂಡು ಹೋಗಿ ಅಕ್ಕನ ಎಲೆಯ ಬದಿಗೆ ಇಟ್ಟಳು.

"ಏನೇ ಅದು? ತೆಗಿ" ಎಂದ ಗಂಡ.

"ಎಡೆ ಇಟ್ಟಾಯ್ತು. ನೀವೇ ಮುಟ್ಟಿ ತೆಗೀರಿ."

ಸತ್ತವರ ಎಡೆಗೆ ಕೈ ಹಾಕುವ ಧೈರ್ಯ ಅವನಿಗಿರಲಿಲ್ಲ. ನೆಂಟರಲ್ಲೂ ಯಾರೂ ಮುಂದೆ ಬರಲಿಲ್ಲ. ಕರ್ಪೂರ ಹಚ್ಚಿ, ಕೈ ಮುಗಿದು, ಬಾಗಿಲು ಮುಚ್ಚಿಕೊಂಡು ಎಲ್ಲರೂ ಹೊರಗೆ ಬಂದೆವು. ಮಳೆ ಹನಿಯುತ್ತಿತ್ತು. ಗಂಡ ಹೆಂಡತಿ ಒಬ್ಬರನ್ನೊಬ್ಬರು ನೋಡದೆ ಸೂರಿನ ಕೆಳಗೆ ಅಕ್ಕಪಕ್ಕ ನಿಂತಿದ್ದರು.

ಬಾಗಿಲು ತೆರೆದಾಗ ಐಸೆಲ್ಲ ಕರಗಿ ಲೋಟ ಬೆವರಿತ್ತು. ಎಡೆಯದನ್ನು ಮನೆಯವರು ಹಂಚಿಕೊಂಡು ತಿನ್ನುವುದು ಪದ್ಧತಿ. ಗಂಡಸರು ತಂದೆಯ ಬ್ರಾಂದಿಯನ್ನು ಸ್ಟೀಲು ಲೋಟಗಳಿಗೆ ಬಗ್ಗಿಸಿಕೊಂಡರು. ಹೆಂಗಸರು ಮುದ್ದೆ, ಒಬ್ಬಟ್ಟು ಮುರಿದುಕೊಂಡರು. ಪುದೀನದ ಲೋಟವನ್ನು ಎಲ್ಲರೂ ನೋಡಿದರು, ಯಾರೂ ಮುಟ್ಟಲಿಲ್ಲ. ನಾದಿನಿ ಬಗ್ಗಿ ಅದನ್ನು ಎತ್ತಿಕೊಂಡಳು. ಜೀವಮಾನದಲ್ಲಿ ಅಂಥದ್ದನ್ನು ಬಾಯಿಗಿಟ್ಟವಳಲ್ಲ. ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದಳು, ಕೆಮ್ಮಿದಳು, ಸೆರಗಿನಲ್ಲಿ ಬಾಯಿ ಒರೆಸಿಕೊಂಡಳು. ಇನ್ನೊಂದು ಗುಟುಕು ಕುಡಿದಳು. ಆಮೇಲೆ ಅಲ್ಲೇ ಫೋಟೊದ ಮುಂದೆ ಕೂತುಬಿಟ್ಟಳು.

ಗಂಡ ತನ್ನ ಬ್ರಾಂದಿಯ ಲೋಟ ಕೆಳಗಿಟ್ಟು ಅವಳ ಹತ್ತಿರ ಬಂದ. ಕೈ ಚಾಚಿದ. ಕಿತ್ತುಕೊಂಡು ಚೆಲ್ಲುವುದಕ್ಕೋ, ಅಕ್ಕನದರಲ್ಲಿ ತಾನೂ ಒಂದು ಗುಟುಕು ಕುಡಿಯುವುದಕ್ಕೋ, ನನಗೆ ಇಂದಿಗೂ ತಿಳಿಯದು. ಅವನ ಕಣ್ಣು ಕೆಂಪಾಗಿತ್ತು.

ಅವಳು ಲೋಟವನ್ನು ಎದೆಗೆ ಒತ್ತಿ ಹಿಡಿದುಕೊಂಡಳು.

"ನೀವು ನಿಮ್ಮಪ್ಪಂದು ಕುಡೀರಿ" ಎಂದಳು. "ಇದು ನಮ್ಮತ್ಗೆದು."